ಕಾಕಾ, ಆ ಆಂಪ್ಲಿಫೈಯರ್ ಸೀದಾ ಹಚ್ಚಬೇಡಿ

ಲೀಡ್ಸ್
ಆಗಸ್ಟ್ 3

ಕಾಕಾ ಅವರಿಗೆ ನಮಸ್ಕಾರ.

ನಾನಿಲ್ಲಿ ಆರಾಮ ಇದ್ದೇನೆ. ಗದಗಿನಲ್ಲಿ ಮಳೆ ಚಲೋ ಆಗಿದೆ ಅಂತ ಅವ್ವ ಹೇಳಿದಳು. ಜತೆಗೆ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಈ ಸಲ ಗಣಪತಿ ಹಬ್ಬಕ್ಕೆ ಅಟ್ಟದ ಮೇಲಿನ ನಿಮ್ಮ ಹಳೆ ಆಂಪ್ಲಿಫೈಯರನ್ನು ನನ್ನ ತಮ್ಮ ಇಳಿಸುತ್ತಾನಂತೆ. ಹನ್ನೆರಡು ವರ್ಷ ಗೋಣಿಚೀಲ ಹೊದ್ದು ಕೂತ ಸೆಟ್ಟು ಅದು. ಇವನೋ ಧೂಳು ಜಾಡಿಸಿ ಸೀದಾ ಪ್ಲಗ್ಗಿಗೆ ಚುಚ್ಚುವ ಪೈಕಿ. ಅದಕ್ಕೇ ಫೋನ್ ಬಿಟ್ಟು ಪತ್ರ ಬರೆಯುತ್ತಿದ್ದೇನೆ. ಅವನಿಗೂ ಓದಲು ಕೊಡಿ.

ನಾನೂ ಹೋದ ತಿಂಗಳು ಇದೇ ಕೆಲಸದಲ್ಲಿ ಮುಳುಗಿದ್ದೆ. ಇಲ್ಲಿ ಭಾನುವಾರ ಒಂದು ಸಂತೆ ನಡೆಯುತ್ತದೆ. ಜನ ಕಾರಿನ ಡಿಕ್ಕಿ ತೆಗೆದು ಮನೆಯ ಹಳೆ ಸಾಮಾನು ಹರವಿಕೊಂಡು ನಿಲ್ಲುತ್ತಾರೆ. ಅಲ್ಲಿ 70ರ ದಶಕದ ಒಂದು ಜಪಾನಿ ಆಂಪ್ಲಿಫೈಯರ್ 35 ಪೌಂಡಿಗೆ ಸಿಕ್ಕಿತು. ಹಚ್ಚಿದ ಕೂಡಲೇ ಗುಂಯ್. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ ಗುಂಯ್. ಹಾಗಾದರೆ ಸಪ್ಲೈಯಲ್ಲೇ, ಅಂದರೆ ಸೆಟ್ಟಿಗೆ ಕರೆಂಟು ಒದಗಿಸುವ ಭಾಗದಲ್ಲೇ ತೊಂದರೆ ಅಂತ ನೀವೇ ಕಲಿಸಿದ್ದಿರಿ.

ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿದೆ. ತಂಬೂರಿಯ ಕೆಳಗೆ ಇನ್ನೊಂದು ತಂಬೂರಿ ಕೂತ ಹಾಗಿತ್ತು. ಇಲ್ಲೂ ನಮ್ಮ ಹಾಗೆ 50 ಹರ್ಟ್ಸ್ ಕರೆಂಟು, ಅದನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ದಾಟಿದ ಮೇಲೆ ಗುಂಯ್ ಬರುವುದು ಅದರ ಇಮ್ಮಡಿ, 100ರಲ್ಲಿ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮನೆಯಲ್ಲಿ) ಸಾ ಇಟ್ಟರೆ ಮಂದ್ರ ಪಂಚಮ 104ರ ಹತ್ತಿರ ಬರುತ್ತದೆ, ಅಲ್ವಾ? ಅಂದರೆ ಆ ಶ್ರುತಿಯವರು ಯಾರು ಹಾಡಿದರೂ ನನ್ನ ಸೆಟ್ಟು ಇಳಿದ ಪಂಚಮ ಹಿಡಿದುಕೊಂಡೇ ಕೂತಿರುತ್ತದೆ. ಧಾರವಾಡದಲ್ಲಾಗಿದ್ದರೆ ಓಣಿಯವರು ಬಂದು ಬೈಯುತ್ತಿದ್ದರು.

ಮುಚ್ಚಳ ತೆಗೆದರೆ ಎರಡು ದೊಡ್ಡ ಫಿಲ್ಟರ್ ಕಂಡೆನ್ಸರ್. ಚಾರ್ಜ್ ತುಂಬಿಟ್ಟುಕೊಂಡು ಕರೆಂಟಿನ ಏರಿಳಿತ ಸಮ ಮಾಡಿ ಗುಂಯ್ ತಡೆಯುವುದು ಇವುಗಳ ಕೆಲಸ. (ಇಲ್ಲಿ ಎಲ್ಲರೂ ಕೆಪಾಸಿಟರ್ ಅನ್ನುತ್ತಾರೆ. ನನ್ನ ಬಾಯಿಗೆ ಕಂಡೆನ್ಸರ್ರೇ ಬರುತ್ತದೆ.) ಮೈಮೇಲೆ 10,000 ಮೈಕ್ರೋಫ್ಯಾರಡ್ ಅಂತಿದೆ, ಮೀಟರಿನಲ್ಲಿ ಬಂದದ್ದು 6,200. ಒಳಗಿನ ಕಾಗದಕ್ಕೆ ಕುಡಿಸಿದ ದ್ರವ ಇಷ್ಟು ವರ್ಷದಲ್ಲಿ ಆರಿಹೋಗಿದೆ. ಬುಡದಲ್ಲಿ ಕಂದು ಬಣ್ಣದ ಅಂಟು ಕಂಡು ಲೀಕ್ ಆಗಿದೆ ಅಂದುಕೊಂಡೆ. ಅಲ್ಲ, ಅದು ಅಲುಗಾಡದಿರಲಿ ಅಂತ ಕಾರ್ಖಾನೆಯಲ್ಲೇ ಹಾಕಿದ ಗೋಂದು. ಆದರೆ ಹಳತಾದ ಮೇಲೆ ಅದು ಸುಮ್ನೆ ಇರುವುದಿಲ್ಲ, ಪಕ್ಕದ ರೆಸಿಸ್ಟರಿನ ಕಾಲು ತಿನ್ನುತ್ತದೆ. ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನ ಹೋಯಿತು.

ಇಲ್ಲಿನ ಹವ್ಯಾಸಿಗಳು ಹಳೆ ಸೆಟ್ಟು ಕಂಡರೆ ಸಾಕು, ಎಲ್ಲ ಕಂಡೆನ್ಸರ್ ಕಿತ್ತು ಹೊಸದು ಹಾಕುತ್ತಾರೆ. ನೀವು ಕೆಟ್ಟಿದ್ದೊಂದನ್ನೇ ಬದಲಿಸುವವರು. ನಾನು ಎಲೆಕ್ಟ್ರೋಲಿಟಿಕ್, ಅಂದರೆ ಒಳಗೆ ದ್ರವ ಇರುವಂಥವನ್ನು ಅಷ್ಟೂ ಬದಲಿಸಿದೆ, ಒಟ್ಟು 22. ಫಿಲ್ಮ್, ಸೆರಾಮಿಕ್ ಜಾತಿಯ ಕಂಡೆನ್ಸರ್ ಮುಟ್ಟಲಿಲ್ಲ, ಅವು ಆರುವ ಜಾತಿಯಲ್ಲ. ಒಂದು ಕಿತ್ತು ಒಂದು ಹಾಕಿದೆ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿತ್ತು ಅಂತ ದೇವರಿಗೂ ತಿಳಿಯಲಿಕ್ಕಿಲ್ಲ.

ಇಷ್ಟು ಹುಷಾರಾಗಿದ್ದೂ ಎಡವಿದೆ. ಈ ಸೆಟ್ಟಿಗೆ ಪ್ಲಸ್ 35 ವೋಲ್ಟ್, ಮೈನಸ್ 35 ವೋಲ್ಟ್ ಅಂತ ಎರಡು ಸಪ್ಲೈ. ಮೈನಸ್ ಕಡೆಯ ಕಂಡೆನ್ಸರಿನ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು. ನಾನು ರೂಢಿಯ ಮೇಲೆ ಮೈನಸ್ಸನ್ನೇ ಗ್ರೌಂಡಿಗೆ ಬೆಸೆದುಬಿಟ್ಟೆ. ಪುಣ್ಯಕ್ಕೆ ಸೀರೀಸ್ ಬೋರ್ಡು ಇತ್ತು, ಕರೆಂಟು ಒಂದು ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವಂಥದ್ದು. ತೋಂಟದಾರ್ಯ ಜಾತ್ರೆಗೆ ಮೈಕ್ ಸೆಟ್ ಹೊರಡುವ ಮುಂಚೆ ನೀವು ಹಲಗೆಯ ಮೇಲೆ ಬಲ್ಬ್ ಇಟ್ಟು ನೋಡುತ್ತಿದ್ದಿರಲ್ಲ, ಅಂಥದ್ದೇ ಒಂದು ಮಾಡಿಕೊಂಡಿದ್ದೆ. "ಮೊದಲ ಬಲ್ಬ್ ನೋಡು, ಆಮ್ಯಾಲ ಸೆಟ್ ನೋಡು" ಅನ್ನುತ್ತಿದ್ದಿರಿ. ಬಲ್ಬು ಒಮ್ಮೆ ಝಗ್ ಅಂದು ಮಂದ ಆಗಬೇಕಿತ್ತು. ಆಗಲಿಲ್ಲ, ಪೂರ್ತಿ ಉರಿಯುತ್ತಲೇ ನಿಂತಿತು. ಪಟ್ಟನೆ ಆರಿಸಿದೆ. ಏನೂ ಸಿಡಿಯಲಿಲ್ಲ. ಆದರೂ ಉಲ್ಟಾ ಕರೆಂಟು ಕುಡಿದ ಆ ಕಂಡೆನ್ಸರ್ ಎಸೆದು ಬೇರೆ ತರಿಸಿದೆ. ಈಗ ಗುಂಯ್ ಇಲ್ಲ. ಹಾಡು ನಿಂತಾಗ ಸೆಟ್ಟು ಹಚ್ಚಿದೆಯೋ ಇಲ್ಲವೋ ಅಂತ ದೀಪ ನೋಡಿಯೇ ತಿಳಿಯಬೇಕು.

ತಮ್ಮನ ವಿಷಯಕ್ಕೆ ಬರುತ್ತೇನೆ. ಸೀರೀಸ್ ಬೋರ್ಡಿಗೆ ಎಲ್‌ಇಡಿ ನಡೆಯುವುದಿಲ್ಲ, ತಂತಿಯ ಬಲ್ಬೇ ಬೇಕು. 60 ವ್ಯಾಟಿನದು ಎಲ್ಲಾದರೂ ಹುಡುಕಿ. ವರ್ಷಗಟ್ಟಲೆ ಸುಮ್ನೆ ಕೂತ ಕಂಡೆನ್ಸರು ಒಮ್ಮೆಲೇ ಪೂರ್ತಿ ವೋಲ್ಟೇಜ್ ತಡೆಯಲಿಕ್ಕಿಲ್ಲ. ಇನ್ನು ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ನೀವು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುತ್ತಿದ್ದಿರಿ. ಅದರ ತುದಿ ಇಲಿ ಕಡಿದ ಹಾಗೆ ಆಗಿತ್ತು! ದಯವಿಟ್ಟು ಅವನಿಗೆ ಅದನ್ನು ಕಲಿಸಬೇಡಿ ಕಾಕಾ. ದಪ್ಪ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಲಿ.

ನನ್ನ ಜತೆ ಕೆಲಸ ಮಾಡುವವನೊಬ್ಬ ಇದೇ 20ಕ್ಕೆ ಹುಬ್ಬಳ್ಳಿಗೆ ಬರುತ್ತಾನೆ. ಅವನ ಕೈಲಿ ಹೊಸ ಕಂಡೆನ್ಸರ್ ಕಳಿಸುತ್ತೇನೆ, 105 ಡಿಗ್ರಿ ಸೆಖೆಯವರೆಗೆ ತಡೆಯುವಂಥವು. ಒಳಗಿನ ಸೆಖೆ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಸೆಟ್ಟು ಗದಗಿನ ಎಷ್ಟು ಬೇಸಿಗೆ ತಗಡಿನ ಶೆಡ್ಡಿನಲ್ಲಿ ಕಳೆದಿದೆಯೋ!

ಒಂದು ಕೆಲಸ ಮಾಡಿ. ಪ್ರತಿಯೊಂದರ ಮೈಮೇಲಿನ ಮೈಕ್ರೋಫ್ಯಾರಡ್, ವೋಲ್ಟ್ ಬರೆದುಕೊಳ್ಳಿ. ವೋಲ್ಟ್ ಜಾಸ್ತಿ ಇದ್ದರೆ ನಡೆಯುತ್ತದೆ, ಕಡಿಮೆ ಇರಬಾರದು. ಎತ್ತರ, ದಪ್ಪ, ಕಾಲಿನ ನಡುವಿನ ಅಂತರ ಸ್ಕೇಲ್ ಹಿಡಿದು ಅಳೆಯಿರಿ, ಅಂದಾಜಿನ ಮೇಲೆ ಬೇಡ. ಅದರ ಫೋಟೋ ತೆಗೆದು ನನ್ನ ತಮ್ಮನೇ ಕಳಿಸಲಿ, 12ರ ಒಳಗೆ ಬಂದರೆ ಸಾಕು. ಚಿಗವ್ವನಿಗೆ ನಮಸ್ಕಾರ ಹೇಳಿ. ಬರುವವನು ವಾಪಸ್ ಹೊರಡುವಾಗ ಶೇಂಗಾ ಚಟ್ನಿಪುಡಿ ಕೊಟ್ಟು ಕಳಿಸಲಿ.

ನಿಮ್ಮ ಹುಡುಗ