ಮಗಳಿಗೊಂದು ಪತ್ರ: ಅಜ್ಜಿಯ ಕೌದಿ ಮತ್ತು ನಿನ್ನ ಬ್ಯಾಂಕ್ ಖಾತೆ

ಪುಟ್ಟೀ,

ಬ್ಯಾಂಕಿನಲ್ಲಿದ್ದ ಹಣವನ್ನೆಲ್ಲ ತೆಗೆದು ನೀನು ಪಿಜಿಯ ಕೋಣೆಯಲ್ಲಿ ಇಟ್ಟುಕೊಂಡಿದ್ದೀಯೆ ಎಂದು ನಿನ್ನ ತಮ್ಮ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ, ಬಾಯಿ ತಪ್ಪಿ ಬಂದ ಮಾತು. ಸ್ಯಾನಿಟರಿ ಪ್ಯಾಡ್ ಪೊಟ್ಟಣದಲ್ಲಿ ಸ್ವಲ್ಪ, ಹಳೆಯ ಪಠ್ಯಪುಸ್ತಕದ ಹೊದಿಕೆಯೊಳಗೆ ಸ್ವಲ್ಪ, ಉಳಿದದ್ದು ಮೊಬೈಲ್ ವಾಲೆಟ್‌ನಲ್ಲಿ ಮತ್ತು ಡಿಜಿಟಲ್ ಚಿನ್ನದಲ್ಲಿ. ‘ಬ್ಯಾಂಕಿನವರು ಕೊಂಡೊಯ್ಯುವುದಕ್ಕಿಂತ ಕಳ್ಳರು ಕೊಂಡೊಯ್ದರೇ ವಾಸಿ’ ಎಂದು ನೀನು ಫೋನಿನಲ್ಲಿ ಹೇಳಿದಾಗ ನನ್ನ ದನಿ ಏರಿತು. ಅಷ್ಟು ಜೋರು ಬೇಕಿರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೇಳುವುದು ಬಹಳ ಇದೆ. ಫೋನಿನಲ್ಲಾದರೆ ನೀನು ನನ್ನ ಮಾತನ್ನೂ ನಾನು ನಿನ್ನ ಮಾತನ್ನೂ ಮುಗಿಯಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನ್ಯಾಯವಾದದ್ದೇ. ಕೆಲಸ ಬದಲಾಯಿತು, ಹಳೆಯ ಸಂಬಳದ ಖಾತೆಗೆ ಸಂಬಳ ಬರುವುದು ನಿಂತಿತು, ಕೆಲವು ತಿಂಗಳಾದ ಮೇಲೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆ ಮಾಡಿಬಿಟ್ಟಿತು. ಅಲ್ಲಿಯವರೆಗೆ ಇಲ್ಲದ ಕನಿಷ್ಠ ಮೊತ್ತದ ಷರತ್ತು ಅಂದಿನಿಂದ ಶುರುವಾಯಿತು. ಅಷ್ಟು ಹಣ ಖಾತೆಯಲ್ಲಿ ಇಲ್ಲದ್ದಕ್ಕೆ ದಂಡ ಕಡಿತವಾಯಿತು, ಅದರಿಂದ ಸ್ಕೂಟರ್ ಸಾಲದ ಕಂತಿಗೆ ಹಣ ಸಾಲದಾಯಿತು. ಕಂತು ಬೌನ್ಸ್ ಆಯಿತೆಂದು ಬ್ಯಾಂಕಿನದೊಂದು ಶುಲ್ಕ, ಸಾಲ ಕೊಟ್ಟವರದೊಂದು ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ. ಇಷ್ಟಕ್ಕೆಲ್ಲ ಕಾರಣವಾದ ಕೊರತೆ ಇನ್ನೂರು ಚಿಲ್ಲರೆ ರೂಪಾಯಿ! ಹಣ ಇಲ್ಲ ಎಂಬ ಕಾರಣಕ್ಕೇ ಹಣ ಇಲ್ಲದವರಿಂದ ಹಣ ಕೀಳುವುದನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ.

ಆದರೂ ನೀನು ಹಣವನ್ನು ಬಚ್ಚಿಟ್ಟಿದ್ದೀಯೆ ಎಂದು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಯಾಕೆಂದು ಹೇಳುತ್ತೇನೆ.

ಅಜ್ಜಿ ದುಡ್ಡು ಇಡುತ್ತಿದ್ದ ಜಾಗಗಳೆಲ್ಲ ನಿನಗೆ ಗೊತ್ತು. ರಜೆಗೆ ಹೋದಾಗ ಅವುಗಳನ್ನು ಹುಡುಕುವುದೇ ನಿಮಗೊಂದು ಆಟವಾಗಿತ್ತು. 500, 1000 ರೂಪಾಯಿಯ ಹಳೆಯ ನೋಟುಗಳು ರದ್ದು ಎಂದು ಸರ್ಕಾರ ಹೇಳಿದ 2016ರ ನವೆಂಬರ್ 8ರ ರಾತ್ರಿ ಮನೆಯಲ್ಲಿ ಏನಾಯಿತು ಎಂಬುದೂ ನಿನಗೆ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನಗೆ ಹೇಳದೆ ಉಳಿದಿರುವುದು ಮರುವರ್ಷದ ಬೇಸಿಗೆಯ ಮಾತು. ಕೌದಿಗಳನ್ನೆಲ್ಲ ಒಗೆಯಲು ತೆಗೆದಿದ್ದೆ. ಒಂದನ್ನು ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ. ಎಳೆದುಕೊಂಡಾಗ ಒಳಗಿನಿಂದ ಪ್ಲಾಸ್ಟಿಕ್ ಸದ್ದು ಬಂತು. ಒಂದು ಮೂಲೆಯ ಹೊಲಿಗೆ ಬಿಚ್ಚಿದೆ. ಹಳೆಯ 500 ರೂಪಾಯಿಯ ನೋಟುಗಳು, ಒಂದೊಂದನ್ನೂ ಚಪ್ಪಟೆಯಾಗಿ ಮಡಚಿ ಎರಡು ಪದರಗಳ ನಡುವೆ ಇಟ್ಟು ಹೊಲಿದಿದ್ದಳು. ಒಟ್ಟು ಮೂವತ್ತೆಂಟು. ಹತ್ತೊಂಬತ್ತು ಸಾವಿರ ರೂಪಾಯಿ. ನೀನು ಕಾಲೇಜು ಸೇರುವ ದಿನ ಕೌದಿಯ ಸಮೇತ ಕೊಡಬೇಕೆಂದು, ನೀನು ಪ್ರಾಥಮಿಕ ಶಾಲೆಯಲ್ಲಿದ್ದಾಗಿನಿಂದ ಸೇರಿಸುತ್ತ ಬಂದದ್ದು.

ನೋಟು ಜಮಾ ಮಾಡಲು ಕೊಟ್ಟ ಗಡುವು 2016ರ ಡಿಸೆಂಬರ್ 30. ಅದಕ್ಕೆ ಮೊದಲು ನಿನ್ನ ಸೋದರಮಾವ ಎಲ್ಲರ ಎದುರಿಗೇ ಅಜ್ಜಿಯನ್ನು ಕೇಳಿದ್ದ, ‘ಇನ್ನೂ ಎಲ್ಲಾದರೂ ಇದೆಯೇನಮ್ಮ’ ಎಂದು. ಇಲ್ಲ ಎಂದಿದ್ದಳು. ಅವಳ ಹೆಸರಿನಲ್ಲಿ ಖಾತೆ ಇರಲಿಲ್ಲ. ಹೊರಗೆ ಬಂದ ಹಣವೆಲ್ಲ ಮಾವನ ಖಾತೆಗೆ ಹೋಗುತ್ತಿತ್ತು. ಹೋದದ್ದು ಮನೆಯ ಹಣವಾಗುತ್ತದೆಯೇ ಹೊರತು ಮೊಮ್ಮಗಳ ಹಣವಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಸರ್ಕಾರದ ಆದೇಶಗಳೆಲ್ಲ ಸ್ವಲ್ಪ ದಿನದಲ್ಲಿ ಸಡಿಲವಾಗುತ್ತವೆ, ಆಮೇಲೆ ಮಗಳ ಕೈಯಲ್ಲಿ ಗುಟ್ಟಾಗಿ ಬದಲಾಯಿಸಿಕೊಂಡರಾಯಿತು ಎಂದುಕೊಂಡಿದ್ದಳು. ನಾನು ಹೊಲಿಗೆ ಬಿಚ್ಚುವಷ್ಟು ಹೊತ್ತೂ ಪಕ್ಕದಲ್ಲೇ ಕೂತು, ಒಂದೊಂದು ನೋಟು ಹೊರಬಂದಾಗಲೂ ಸೆರಗಿನಿಂದ ಒರೆಸಿ ಜೋಡಿಸುತ್ತಿದ್ದಳು. ‘ಬ್ಯಾಂಕಿನಲ್ಲಿ ಕೇಳಿ ನೋಡು, ಒಂದೂ ಹರಿದಿಲ್ಲ’ ಎಂದಳು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ ಪುಟ್ಟೀ. ಗೆದ್ದಲು ತಿಂದ ನೋಟಿಗಾದರೂ ರಿಸರ್ವ್ ಬ್ಯಾಂಕಿನಲ್ಲಿ ನಿಯಮವಿದೆ. 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನಲ್ಲಿ ಶೇ 80ಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ ಸಿಗುತ್ತದೆ, ಶೇ 40ರಿಂದ 80ರವರೆಗೆ ಉಳಿದಿದ್ದರೆ ಅರ್ಧ ಬೆಲೆ. ಅಜ್ಜಿಯ ನೋಟುಗಳು ಅಂಚು ಕೂಡ ಮಾಸದೆ ಇದ್ದವು, ಒಂದು ಪೈಸೆಯೂ ಹುಟ್ಟಲಿಲ್ಲ. ಅಷ್ಟೇ ಅಲ್ಲ, ರದ್ದಾದ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ಅಪರಾಧ ಎಂದು 2017ರಲ್ಲಿ ಕಾಯ್ದೆ ಬಂದಿತ್ತು. ಕೆಲವನ್ನು ಅಜ್ಜಿಯ ಕೈಗೆ ಕೊಟ್ಟು ಉಳಿದವನ್ನು ಹಂಡೆಯ ಒಲೆಗೆ ಹಾಕಿದೆ. ಅವಳು ಅಳಲಿಲ್ಲ. ಮೊಮ್ಮಗಳಿಗೆ ಹೇಳಬೇಡ ಎಂದಷ್ಟೇ ಕೇಳಿಕೊಂಡಳು. ಅವಳು ಇರುವವರೆಗೆ ಹೇಳಲಿಲ್ಲ. ನೀನು ಹಾಸ್ಟೆಲಿಗೂ ಪಿಜಿಗೂ ಹೊತ್ತುಕೊಂಡು ಹೋದೆಯಲ್ಲ, ಅದೇ ಕೌದಿ. ಒಂದು ಮೂಲೆಯ ಹೊಲಿಗೆ ಬೇರೆ ಬಣ್ಣದ ದಾರದಲ್ಲಿದೆ ನೋಡು, ಅದು ನಾನು ಹಾಕಿದ್ದು.

ಅಜ್ಜಿಯನ್ನು ದಡ್ಡಿ ಎನ್ನಲು ಇದನ್ನು ಬರೆಯುತ್ತಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಇದ್ದ ಜಾಗ ಅದೊಂದೇ. ನನಗೂ ಬಹಳ ವರ್ಷ ನಿನ್ನ ಅಪ್ಪನ ಜೊತೆಗಿನ ಜಂಟಿ ಖಾತೆಯೇ ಇದ್ದದ್ದು. ಸ್ವಂತ ದುಡಿಮೆ ಸ್ವಂತ ಹೆಸರಿನ ಖಾತೆಗೆ ಬಂದು ಬಿದ್ದದ್ದು ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ನಿನಗೇ ಮೊದಲು. ಮೊದಲ ಸಂಬಳದ ಸಂದೇಶವನ್ನು ನೀನು ನನ್ನ ಮೊಬೈಲಿಗೆ ಕಳುಹಿಸಿದ್ದೆ, ಅದನ್ನು ನಾನು ಇನ್ನೂ ಅಳಿಸಿಲ್ಲ. ಅಂಥ ಖಾತೆಯನ್ನು ಖಾಲಿ ಮಾಡಿ ನೀನು ಮತ್ತೆ ಅಜ್ಜಿಯ ದಾರಿಗೆ ಹೋದರೆ ನನಗೆ ಹೇಗಾಗಬೇಡ? ಪಿಜಿಯಲ್ಲಿ ನಗದು ಕಳೆದರೆ ಅಲ್ಲಿ ಇತ್ತು ಎನ್ನುವುದಕ್ಕೆ ಸಾಕ್ಷಿ ಏನಿದೆ? ನೀನು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದರೆ ಆ ಪುಸ್ತಕದ ಹೊದಿಕೆಯನ್ನು ಯಾರು ಬಿಚ್ಚಿ ನೋಡುತ್ತಾರೆ? ರದ್ದಿಗೆ ಹಾಕುತ್ತಾರೆ ಅಷ್ಟೇ.

ವಾಲೆಟ್‌ನಲ್ಲಿರುವ ಹಣಕ್ಕೆ ಬಡ್ಡಿ ಇಲ್ಲ, ಠೇವಣಿ ವಿಮೆಯ ರಕ್ಷಣೆಯೂ ಇಲ್ಲ. ಬ್ಯಾಂಕೇ ಮುಳುಗಿದರೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, 2020ರಿಂದ. ಡಿಜಿಟಲ್ ಚಿನ್ನ ಕೊಳ್ಳುವಾಗಲೇ ಶೇ 3ರ ಜಿಎಸ್‌ಟಿ ಹೋಗುತ್ತದೆ. ಅದು ತನ್ನ ನಿಯಂತ್ರಣದಲ್ಲಿ ಇಲ್ಲ ಎಂದು 2025ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ಎಚ್ಚರಿಸಿತ್ತು. ಮಾರಿ ಬಂದಷ್ಟು ತೆಗೆದುಕೋ.

ಇನ್ನು ದಂಡದ ವಿಷಯ. ಬಿಟ್ಟುಕೊಡಬೇಡ. ಕನಿಷ್ಠ ಮೊತ್ತ ಕಡಿಮೆಯಾದಾಗ ಬ್ಯಾಂಕು ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು, ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ಆ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನಿನಗೆ ಅಂಥ ಸಂದೇಶ ಬಂದಿತ್ತೇ ಹುಡುಕು. ಬಂದಿಲ್ಲವಾದರೆ ಬರಹದಲ್ಲಿ ದೂರು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನವಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಬರೆ, ಅದಕ್ಕೆ ಶುಲ್ಕವಿಲ್ಲ. ಕನಿಷ್ಠ ಮೊತ್ತವೇ ಬೇಡದ ಖಾತೆಗಳೂ ಇವೆ. ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಆ ಷರತ್ತನ್ನು 2020ರಲ್ಲಿ ತೆಗೆದುಹಾಕಿತು, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ದಂಡ ನಿಲ್ಲಿಸಿತು. ಬೇರೆ ಯಾವ ಬ್ಯಾಂಕಿನಲ್ಲಾದರೂ ‘ಮೂಲ ಉಳಿತಾಯ ಖಾತೆ’ ಕೇಳಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು.

ಸ್ಕೂಟರ್ ಕಂತನ್ನು ಮೊದಲು ಹೊಸ ಖಾತೆಗೆ ಬದಲಿಸು. ಒಂದು ಕಂತು ಅಲ್ಲಿಂದ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆ ಹಳೆಯ ಖಾತೆ ಮುಚ್ಚು, ಮೊದಲೇ ಮುಚ್ಚಿದರೆ ಮತ್ತೆ ಬೌನ್ಸ್. ಕಂತು ತಪ್ಪುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಹಣವಿಲ್ಲದೆ ಆಟೋ ಡೆಬಿಟ್ ತಿರುಗಿ ಹೋದರೂ ಚೆಕ್ ಬೌನ್ಸ್‌ನಂತೆಯೇ ಮೊಕದ್ದಮೆ ಹೂಡಲು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಅವಕಾಶವಿದೆ. ಕಂತು, ವಿಮೆ, ಆ ಸಿನಿಮಾ ಆ್ಯಪ್‌ಗಳ ಚಂದಾ, ತಾನಾಗಿ ಕಡಿತವಾಗುವುದೆಲ್ಲ ಒಂದೇ ಖಾತೆಯಿಂದ ಹೋಗಲಿ, ಸಂಬಳ ಬಂದ ದಿನವೇ ಅಷ್ಟು ಹಣವನ್ನು ಅಲ್ಲಿಗೆ ಹಾಕಿಬಿಡು, ದಿನದ ಖರ್ಚಿಗೆ ಆ ಖಾತೆಯ ಕಾರ್ಡನ್ನು ಮುಟ್ಟಲೇಬೇಡ. ಪಾಠ ಮಾಡುತ್ತಿದ್ದೇನೆ ಎಂದು ನಿನಗೆ ಅನ್ನಿಸುತ್ತಿರಬಹುದು. ಮಾಡುತ್ತಿದ್ದೇನೆ, ಓದು. ಒಂದು ತಿಂಗಳ ಊಟ, ಓಡಾಟಕ್ಕೆ ಸಾಕಾಗುವಷ್ಟು ನಗದು ಕೋಣೆಯಲ್ಲಿರಲಿ, ಅದಕ್ಕೆ ನನ್ನ ತಕರಾರಿಲ್ಲ.

ಎಲ್ಲ ಖಾತೆಗೂ ನಾಮಿನಿ ಬರೆಸು. 2025ರ ನವೆಂಬರ್‌ನಿಂದ ನಾಲ್ವರವರೆಗೆ ಬರೆಸಬಹುದು. ಹತ್ತು ವರ್ಷ ಯಾರೂ ಕೇಳದೆ ಬಿದ್ದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳುಹಿಸುತ್ತವೆ. ಅಂಥದ್ದನ್ನು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೇ ಮಾಡಿದ್ದಾರೆ. ಆ ಹಣವನ್ನು ಹತ್ತು ವರ್ಷದ ನಂತರವೂ ವಾರಸುದಾರರು ಕೇಳಿ ಪಡೆಯಬಹುದು. ಕೌದಿಯೊಳಗಿನ ಹಣವನ್ನು ಯಾರಲ್ಲಿ ಕೇಳುವುದು? ಮತ್ತೆ ಅಲ್ಲಿಗೇ ಬಂದೆ.

ನನ್ನದನ್ನು ನಿನಗೆ ಹೇಳಿಬಿಡುತ್ತೇನೆ. ಅಂಚೆ ಕಚೇರಿಯಲ್ಲಿ ನನ್ನೊಬ್ಬಳ ಹೆಸರಿನ ಉಳಿತಾಯ ಖಾತೆ ಮತ್ತು ತಿಂಗಳು ತಿಂಗಳು ಕಟ್ಟುವ ಒಂದು ಆರ್‌ಡಿ ಠೇವಣಿ ಇವೆ. ಎರಡಕ್ಕೂ ನೀನೇ ನಾಮಿನಿ. ಪಾಸ್ ಪುಸ್ತಕಗಳು ನನ್ನ ಬೀರುವಿನ ಮೇಲಿನ ಅರೆಯಲ್ಲಿ, ರೇಷನ್ ಕಾರ್ಡ್ ಇಟ್ಟ ಚೀಲದಲ್ಲಿವೆ. ಮಹಿಳಾ ಸಂಘದಲ್ಲಿರುವ ನನ್ನ ಉಳಿತಾಯದ ಲೆಕ್ಕ ಅದೇ ಚೀಲದ ನೀಲಿ ಪುಸ್ತಕದಲ್ಲಿದೆ. ಅಪ್ಪನಿಗೆ ಇದೆಲ್ಲ ಗೊತ್ತು. ನಿನ್ನದು ಎಲ್ಲೆಲ್ಲಿದೆ ಎಂದು ಈ ವಾರವೇ ನನಗೆ ಬರೆ. ಎಷ್ಟಿದೆ ಎಂದು ಹೇಳಬೇಕಾಗಿಲ್ಲ.

ನಿನ್ನ
ಅಮ್ಮ