ನಕ್ಸಲ್ ತಂಡಗಳು ಒಳಗಿನಿಂದಲೇ ಸವೆದ ಬಗೆ

ಮಾನ್ಯ ಸಂಪಾದಕರೇ,

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಆರು ಮಂದಿ ನಕ್ಸಲರು ಶರಣಾದುದನ್ನು ಕೆಲವರು ಪೊಲೀಸರ ಜಯವೆಂದೂ, ಕೆಲವರು ಶರಣಾಗುವವರಿಗೆ ಸರ್ಕಾರ ನೀಡುವ ಪುನರ್ವಸತಿ ಪ್ಯಾಕೇಜಿನ ಫಲವೆಂದೂ ಬಣ್ಣಿಸುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಮಲೆನಾಡಿನ ಆ ಚಳವಳಿಯ ಒಗ್ಗಟ್ಟು ಸಡಿಲವಾದದ್ದು ಅದಕ್ಕೂ ಬಹಳ ಹಿಂದೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಕಾಡಂಚಿನ ಕುಟುಂಬಗಳ ಭೀತಿಯೇ ಚಳವಳಿಗೆ ಇಲ್ಲಿ ನೆಲೆ ಒದಗಿಸಿತ್ತು. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದಲ್ಲಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆಯಿತು. ಇಂಥ ಸೇಡಿನ ಆವೇಶ ಬಹುಕಾಲ ನಿಲ್ಲುವುದಿಲ್ಲ. ಮಲೆನಾಡು ಸಶಸ್ತ್ರ ಹೋರಾಟಕ್ಕೆ ತಕ್ಕ ನೆಲವೇ ಎಂಬ ಪ್ರಶ್ನೆಯ ಮೇಲೆ ಸಂಘಟನೆಯೇ ಒಡೆಯಿತು. ಬೇರೆಯಾದವರಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ 2014ರ ಡಿಸೆಂಬರ್‌ನಲ್ಲಿ ಮುಖ್ಯವಾಹಿನಿಗೆ ಮರಳಿದರು.

ಕಾಡಿನಲ್ಲೇ ಉಳಿದವರನ್ನು ಹೆಚ್ಚು ಕಾಡಿದ್ದು ಅಪನಂಬಿಕೆ. ತಂಡವೊಂದು ಅಕ್ಕಿ, ಬೇಳೆ, ಚಹಾಪುಡಿಗೆ ಕಾಡಂಚಿನ ಒಂಟಿ ಮನೆಗಳನ್ನೇ ನೆಚ್ಚಬೇಕು. ರಾತ್ರಿ ಅವರಿಗೆ ಬಾಗಿಲು ತೆರೆದ ಮನೆಯವರು ಬೆಳಗಾದರೆ ಕೂಂಬಿಂಗ್‌ಗೆ (ಕಾಡು ಜಾಲಾಡಲು) ಬಂದ ನಕ್ಸಲ್ ನಿಗ್ರಹ ಪಡೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಒಂದು ಎನ್‌ಕೌಂಟರ್ ನಡೆದರೆ ಸುಳಿವು ಕೊಟ್ಟವರು ಯಾರೆಂಬ ಶಂಕೆ ಅನ್ನ ಹಾಕಿದ ಮನೆಗಳ ಮೇಲೆಯೇ ಹೊರಳುತ್ತದೆ. ಪೊಲೀಸ್ ಮಾಹಿತಿದಾರರೆಂಬ ಆರೋಪ ಹೊರಿಸಿ ಊರಿನವರನ್ನೇ ಕೊಂದ ಮೇಲಂತೂ (ಅದಕ್ಕೆ ಯಾವ ಸಿದ್ಧಾಂತದ ಸಮರ್ಥನೆಯೂ ಇಲ್ಲ) ಇದ್ದಬದ್ದ ಬಾಗಿಲುಗಳೂ ಮುಚ್ಚಿದವು. 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದದ್ದು ದಿನಸಿಗಾಗಿ ಮನೆಯೊಂದಕ್ಕೆ ಬಂದಾಗ ಎಂದು ಪೊಲೀಸರೇ ಹೇಳಿದ್ದಾರೆ.

ಶರಣಾದ ಆರು ಮಂದಿಯಲ್ಲಿ ಒಬ್ಬರು ಕೇರಳದವರು, ಒಬ್ಬರು ತಮಿಳುನಾಡಿನವರು. ಅದೇ ಆರರಲ್ಲಿದ್ದ ಮುಂಡಗಾರು ಲತಾ ಅವರಂಥವರು ಈ ಹಾದಿಯಲ್ಲಿ ಬಹಳ ವರ್ಷ ಸವೆಸಿದ ಹಳಬರು. ಸ್ಥಳೀಯವಾಗಿ ಹೊಸಬರು ಸೇರುವುದು ನಿಂತಾಗ ಹಳಬರಿಗೆ ತಮ್ಮ ನಂತರ ಯಾರೆಂಬ ಪ್ರಶ್ನೆ ಎದುರಾಗದೆ ಇರದು. ಅಲ್ಲಿಂದ ಮುಂದೆ ಮಾತುಕತೆಗೆ ಮಧ್ಯಸ್ಥರಿದ್ದರೆ ಸಾಕು.

ಆದ್ದರಿಂದ ಶರಣಾದವರ ಮೇಲೆ ಕರ್ನಾಟಕ ಮತ್ತು ಕೇರಳದಲ್ಲಿರುವ ಪ್ರಕರಣಗಳ ವಿಚಾರಣೆಯನ್ನು ವರ್ಷಗಟ್ಟಲೆ ಎಳೆಯದೆ ಮುಗಿಸಲು ಸರ್ಕಾರ ಮುಂದಾಗಬೇಕು. ಬೇರೆ ರಾಜ್ಯಗಳ ಕಾಡುಗಳಲ್ಲಿ ಇನ್ನೂ ಬಂದೂಕು ಹಿಡಿದು ದಣಿದಿರುವವರು, ಇಲ್ಲಿ ಹೊರಬಂದವರ ಗತಿ ಏನಾಯಿತೆಂಬುದನ್ನು ನೋಡಿಯೇ ತಮ್ಮ ತೀರ್ಮಾನ ಕೈಗೊಳ್ಳುತ್ತಾರೆ.

– ನಿಮ್ಮ ಓದುಗ, ತೀರ್ಥಹಳ್ಳಿ