ರೋಟನ್‌ಬುರ್ಗ್‌ನಲ್ಲಿ ಸಿಕ್ಕ ಕೋಣೆ

ರೋಟನ್‌ಬುರ್ಗ್, ಜರ್ಮನಿ
9 ನವೆಂಬರ್ 2025

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅವ್ವನವರಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ಕೋಣೆ ಸಿಕ್ಕಿತೆಂದು ಫೋನಿನಲ್ಲಿ ತಿಳಿಸಿದಾಗ ಬಾಡಿಗೆ ಎಷ್ಟು, ಮಾಲೀಕರು ಎಂಥವರು ಎಂದು ಅವ್ವ ಕೇಳಿದ್ದಿರಿ. ಅವಸರದಲ್ಲಿ ಸರಿಯಾಗಿ ಹೇಳಲಾಗಲಿಲ್ಲವಾದ್ದರಿಂದ ಈಗ ವಿವರವಾಗಿ ಬರೆಯುತ್ತಿದ್ದೇನೆ. ಧಾರವಾಡದ ನಮ್ಮ ಮನೆಯ ಮೇಲಿನ ಕೋಣೆಗಳನ್ನು ಕಾಲೇಜು ಹುಡುಗರಿಗೆ ಕೊಡುವ ಅಪ್ಪನೂ ಇದನ್ನು ಪೂರ್ತಿ ಓದಬೇಕೆಂಬುದು ನನ್ನ ಆಸೆ.

ನಾನು ಓದುತ್ತಿರುವ ಟ್ಯೂಬಿಂಗೆನ್ ಸುಮಾರು 90,000 ಜನರ ಊರು. 1477ರಲ್ಲಿ ಸ್ಥಾಪನೆಯಾದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ 25,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದು, ಅಕ್ಟೋಬರಿನಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವಾಗ ಎಲ್ಲರೂ ಒಮ್ಮೆಗೇ ಕೋಣೆ ಹುಡುಕಲು ಹೊರಡುತ್ತಾರೆ. ಹಾಸ್ಟೆಲ್ಲಿನ ಕಾಯುವ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆ. ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅಪ್ಪನ ಮೇಜಿನ ಮೇಲೆ ಆ ನಿಘಂಟನ್ನು ನೋಡುತ್ತ ಬೆಳೆದ ನನಗೆ ಇಲ್ಲಿ ಒಂದು ಕೋಣೆಯೂ ಸಿಗದಿದ್ದಾಗ ಬಹಳ ನೋವಾಯಿತು.

ಮೊದಲ ತಿಂಗಳು ನಾನಿದ್ದ ತಾತ್ಕಾಲಿಕ ಕೋಣೆಯ ವಿಷಯವನ್ನು ನಿಮಗೆ ಪೂರ್ತಿ ಹೇಳಿರಲಿಲ್ಲ. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ನನಗೆ ಆ ಕೋಣೆ ಕೊಟ್ಟಿದ್ದ ಮನುಷ್ಯ ಬಾಡಿಗೆ ತೆಗೆದುಕೊಂಡರೂ ಪತ್ರ ಮಾತ್ರ ಕೊಡಲಿಲ್ಲ. ನೋಂದಣಿಯಿಲ್ಲದೆ ವೀಸಾದ ಮುಂದಿನ ಕೆಲಸಗಳೆಲ್ಲ ನಿಂತು, ನಾನು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದದ್ದುಂಟು. ಕೋಣೆ ಕೊಡುತ್ತೇನೆಂದ ಇನ್ನೊಬ್ಬರು ತಾವು ಪರದೇಶದಲ್ಲಿರುವುದಾಗಿಯೂ, ಡಿಪಾಜಿಟ್ ಕಳಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುವುದಾಗಿಯೂ ಬರೆದಿದ್ದರು. ಕೋಣೆಯನ್ನು ಕಣ್ಣಾರೆ ಕಾಣದೆ ಒಂದು ಪೈಸೆಯನ್ನೂ ಕೊಡಬಾರದೆಂದು ಅಪ್ಪ ಹೇಳಿದ್ದ ಮಾತೇ ಆಗ ನನ್ನನ್ನು ಕಾಪಾಡಿತು.

ಕೊನೆಗೆ ಟ್ಯೂಬಿಂಗೆನ್ನಿನಿಂದ ರೈಲಿನಲ್ಲಿ ಹತ್ತು ನಿಮಿಷದಷ್ಟು ದೂರದಲ್ಲಿ, ನೆಕಾರ್ ನದಿಯ ದಂಡೆಯ ಈ ಸಣ್ಣ ಊರಿನಲ್ಲಿ, ಮೂವರು ಹುಡುಗಿಯರು ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಜಾಹೀರಾತಿನಲ್ಲಿ ಕಾಣುವ ಬಾಡಿಗೆಯನ್ನು ಇಲ್ಲಿ 'ಕಾಲ್ಟ್‌ಮೀಟೆ', ಅಂದರೆ ತಣ್ಣನೆಯ ಬಾಡಿಗೆ ಎನ್ನುತ್ತಾರೆ; ಮನೆ ಬೆಚ್ಚಗಿಡುವ ಖರ್ಚು, ನೀರು, ಕಸ ಎಲ್ಲ ಸೇರಿದರೆ ಅದು 'ವಾರ್ಮ್‌ಮೀಟೆ'. ನನ್ನದು 310 ಯೂರೋ ಇದ್ದದ್ದು ಹೀಗೆ ಸೇರಿ 400 ಆಗುತ್ತದೆ. ವೀಸಾಕ್ಕಾಗಿ ನೀವು ಬ್ಯಾಂಕಿನಲ್ಲಿ ಇಟ್ಟ 11,904 ಯೂರೋದಲ್ಲಿ ತಿಂಗಳಿಗೆ ನನ್ನ ಕೈಗೆ ಬರುವುದು 992. ರೈಲು, ಬಸ್ಸಿನ ಟಿಕೆಟ್ಟಿಗೆ 2025ರ ದರದಂತೆ 58 ಯೂರೋ ಕಳೆದರೂ ಊಟಕ್ಕೆ, ಆರೋಗ್ಯ ವಿಮೆಗೆ ಸಾಕಷ್ಟು ಉಳಿಯುತ್ತದೆ. ಕೆಳಗಿನ ಮನೆಯಲ್ಲಿರುವ ಮಾಲೀಕರು ವಯಸ್ಸಾದ ಹೆಂಗಸು, ಶಿಸ್ತಿನವರು. ಮೆಟ್ಟಿಲು ಗುಡಿಸಿ ಒರೆಸುವ ಸರದಿಗೆ ಈ ಸೀಮೆಯಲ್ಲಿ 'ಕೇರ್‌ವೋಖೆ' ಎನ್ನುತ್ತಾರೆ. ನನ್ನ ವಾರ ಬಂದಾಗ ಬೆಳಿಗ್ಗೆಯೇ ಮುಗಿಸುತ್ತೇನೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಡಿಪಾಜಿಟ್ಟಿನ ವಿಷಯ. ಇಲ್ಲಿನ ಕಾನೂನಿನಂತೆ ಅದು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ, ಮೂರು ಕಂತುಗಳಲ್ಲಿ ಕೊಡಬಹುದು, ಮಾಲೀಕರು ಅದನ್ನು ತಮ್ಮ ಹಣದೊಂದಿಗೆ ಬೆರೆಸದೆ ಬೇರೆಯಾಗಿಯೇ ಇಡಬೇಕು. ಕೀಲಿ ಕೊಟ್ಟ ದಿನ ಆ ಅಜ್ಜಿ ಗೋಡೆಯ ಮೊಳೆಯ ತೂತುಗಳನ್ನೂ ಕಿಟಕಿಯ ಗೀರನ್ನೂ ನನ್ನೆದುರಿಗೇ ಬರೆದು, ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ನನಗೆ ಕೊಟ್ಟರು. ಪರದೇಶದ ಹುಡುಗಿಯಾದ ನನಗೆ ಆ ಒಂದು ಹಾಳೆ ಎಷ್ಟು ಧೈರ್ಯ ಕೊಟ್ಟಿತೆಂಬುದನ್ನು ಹೇಗೆ ಹೇಳಲಿ!

ಅಪ್ಪ, ದೊಡ್ಡ ಮಾತಾಯಿತೆಂದು ತಿಳಿಯಬೇಡಿ. ಕೋಣೆ ಬಿಡುವ ಹುಡುಗರ ಡಿಪಾಜಿಟ್ಟಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಡಿಸೆಂಬರಿನಲ್ಲಿ ಹೋಗಲಿರುವ ಗದಗಿನ ಹುಡುಗ ಕೋಣೆಯನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆಂದು ಅವ್ವನೇ ಹೇಳಿದ್ದರು. ಅವನ ಹಣವನ್ನು ಪೂರ್ತಿ ಹಿಂದಿರುಗಿಸಿ. ಮುಂದೆ ಬರುವವರಿಗೆ ಮೊದಲ ದಿನವೇ ಹೀಗೊಂದು ಹಾಳೆ ಬರೆದುಕೊಡಿ. ನಮೂನೆಯನ್ನು ಕನ್ನಡದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ.

ನಿಮ್ಮ ಮಗಳು